ಕ್ವಾಂಟಂ ಸಂಖ್ಯೆಗಳ ಗುಂಪು ಸರಿಯೋ ತಪ್ಪೋ ಹೇಳೋದು ಹೇಗೆ? ಎಲ್ ಯಾಕೆ ಎನ್‌ಗೆ ಸಮ ಆಗಬಾರದು?

ಪಿಯು ಹುಡುಗಿ, ಹಾಸನ

ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯು, ಪಿಸಿಎಂಬಿ. ಪರಮಾಣು ರಚನೆ ಪಾಠದ ಕಿರುಪರೀಕ್ಷೆ ಈ ಶನಿವಾರ ಇದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಅದಕ್ಕೆ ಕನ್ನಡದಲ್ಲೇ ಕೇಳ್ತಿದ್ದೀನಿ.

ಕೆಳಗಿನ ಗುಂಪುಗಳಲ್ಲಿ ಯಾವುವು ಸಾಧ್ಯ, ಯಾವುವು ಅಸಾಧ್ಯ ಅಂತ ಪ್ರಶ್ನೆ. ಎಲೆಕ್ಟ್ರಾನ್ ಪರಮಾಣುವಿನಲ್ಲಿ ಎಲ್ಲಿದೆ ಅಂತ ವಿಳಾಸದ ಹಾಗೆ ಹೇಳೋ ನಾಲ್ಕು ಸಂಖ್ಯೆಗಳ ಕ್ರಮ: ಎನ್ (ಕವಚ), ಎಲ್ (ಉಪಕವಚ), ಎಂ (ಅದರೊಳಗಿನ ಕಕ್ಷಕ, ಅಂದರೆ ಆರ್ಬಿಟಲ್), ಸ್ಪಿನ್.

ಅ) 3, 3, −3, +½
ಆ) 4, 2, −2, −½
ಇ) 2, 1, +2, +½
ಈ) 1, 0, 0, 0
ಉ) 5, 0, 0, −½
ಊ) 6, 5, −4, +½

ಆ ಮತ್ತು ಉ ಮಾತ್ರ ಸರಿ ಅಂತ ಬರೆದೆ. ಕೀ ಉತ್ತರದಲ್ಲಿ ಊ ಕೂಡ ಸರಿ ಅಂತಿದೆ. ಎಲ್ = 0, 1, 2, 3ಕ್ಕೆ ಎಸ್, ಪಿ, ಡಿ, ಎಫ್ ಅಂತ ಹೆಸರು, ಆಮೇಲೆ ಏನೂ ಇಲ್ವಲ್ಲ, ಎಲ್ = 5 ಹೇಗೆ ಬರುತ್ತೆ?

ಎರಡನೇದು: ಎನ್ = 4, ಎಂ ಬೆಲೆಯ ಪರಿಮಾಣ 1, ಸ್ಪಿನ್ −½ ಇರೋ ಎಲೆಕ್ಟ್ರಾನ್ ಗರಿಷ್ಠ ಎಷ್ಟು? ನನಗೆ 3 ಬಂತು, ಕೀಯಲ್ಲಿ 6.

ಮೂರನೇದು: ಎಲ್ ಯಾಕೆ 0ಯಿಂದ ಎನ್−1ರ ತನಕ ಮಾತ್ರ? ಎಲ್ಲಿ ನೋಡಿದರೂ "ಅದು ನಿಯಮ" ಅಂತಷ್ಟೇ ಬರೆದಿರುತ್ತೆ. ಕಾರಣ ಗೊತ್ತಾದರೆ ನೆನಪಿರುತ್ತೆ.

---

ಹೇಮಾವತಿ ದಂಡೆ

ಮೊದಲು ಕೈಗೆ ಬೇಕಾದ್ದು. ಗುಂಪನ್ನ ಎಡದಿಂದ ಬಲಕ್ಕೆ ಓದಿ, ಪ್ರತಿ ಸಂಖ್ಯೆಯನ್ನೂ ಅದರ ಎಡಗಡೆಯ ಸಂಖ್ಯೆಗೆ ಮಾತ್ರ ಹೋಲಿಸಿ. ಎನ್ 1, 2, 3 ಹೀಗೆ ಧನ ಪೂರ್ಣಾಂಕವಾ? ಎಲ್ ಸೊನ್ನೆ ಅಥವಾ ಧನ ಪೂರ್ಣಾಂಕ, ಎನ್‌ಗಿಂತ ಚಿಕ್ಕದಾ? ಎಂನ ಚಿಹ್ನೆ ತೆಗೆದುಹಾಕಿ ನೋಡಿದರೆ ಎಲ್‌ಗಿಂತ ದೊಡ್ಡದಾಗಿಲ್ಲ ತಾನೇ? ಸ್ಪಿನ್ +½ ಅಥವಾ −½, ಬೇರೇನೂ ಅಲ್ಲ. ಎಲ್ಲಿ ಮುಗ್ಗರಿಸಿತೋ ಅಲ್ಲಿಗೇ ನಿಲ್ಲಿಸಿ, ಮುಂದೆ ನೋಡಬೇಕಿಲ್ಲ.

ಅ: ಎಲ್ = ಎನ್, ಅಲ್ಲೇ ಬಿತ್ತು. ಎಂ = −3 ಅನ್ನೋದು ಎಲ್ = 3ಕ್ಕೆ ಸರಿಹೊಂದುತ್ತೆ, ಅದನ್ನ ನೋಡಿಯೇ ಬಹಳ ಮಂದಿ ಸರಿ ಅಂತ ಗುರುತು ಹಾಕ್ತಾರೆ. ಇ: ಎಲ್ = 1 ಇದ್ದಾಗ ಎಂ −1, 0, +1 ಅಷ್ಟೇ. ಈ: ಸ್ಪಿನ್ ಸೊನ್ನೆ ಆಗಲ್ಲ. ಎಂ ಸೊನ್ನೆ ಆಗಬಹುದು, ಎಲ್ ಸೊನ್ನೆ ಆಗಬಹುದು, ಎನ್ ಮತ್ತು ಸ್ಪಿನ್ ಎಂದಿಗೂ ಇಲ್ಲ.

ಊ ಸರಿಯೇ. ಎಫ್ ಆದಮೇಲೆ ಜಿ, ಎಚ್, ಐ, ಕೆ ಅಂತ ಅಕ್ಷರಗಳು ಮುಂದುವರಿಯುತ್ತವೆ, ಮಧ್ಯೆ ಜೆ ಬಿಟ್ಟಿದ್ದಾರೆ. ಎಲ್ = 4 ಅಂದರೆ ಜಿ, ಎಲ್ = 5 ಅಂದರೆ ಎಚ್. ಹಾಗಾಗಿ ಊ ಅಂದರೆ 6ಎಚ್ ಉಪಕವಚದ ಒಂದು ಸ್ಥಾನ. ಈವರೆಗೆ ಗೊತ್ತಿರೋ 118 ಮೂಲಧಾತುಗಳಲ್ಲಿ ಯಾವುದರ ಗ್ರೌಂಡ್ ಸ್ಟೇಟ್‌ನಲ್ಲೂ (ಅತಿ ಕಮ್ಮಿ ಶಕ್ತಿಯ ಸ್ಥಿತಿಯಲ್ಲಿ) ಜಿ ಕಕ್ಷಕಕ್ಕೇ ಎಲೆಕ್ಟ್ರಾನ್ ಹೋಗಿಲ್ಲ, ಎಚ್ ದೂರದ ಮಾತು. ಅದಕ್ಕೇ ಪಠ್ಯ ಎಫ್‌ಗೆ ನಿಲ್ಲುತ್ತೆ. ಆದರೆ ಖಾಲಿ ಇರೋ ಮನೆ ಮನೆಯೇ ಅಲ್ಲ ಅನ್ನೋಕಾಗುತ್ತಾ? ಶಕ್ತಿ ಕೊಟ್ಟರೆ ಹೈಡ್ರೋಜನ್‌ನ ಒಂದೇ ಎಲೆಕ್ಟ್ರಾನ್ ಕೂಡ ಆ ಸ್ಥಿತಿಯಲ್ಲಿ ಇರಬಹುದು.

ಎರಡನೇ ಪ್ರಶ್ನೆಯಲ್ಲಿ ನೀವು ಎಂ = +1 ಮಾತ್ರ ಎಣಿಸಿದ್ದೀರಿ. ಪರಿಮಾಣ 1 ಅಂದರೆ +1, −1 ಎರಡೂ. ಎನ್ = 4ರಲ್ಲಿ ಎಲ್ = 0ಕ್ಕೆ ±1 ಇಲ್ಲ; ಎಲ್ = 1, 2, 3ಕ್ಕೆ ತಲಾ ಎರಡು. ಒಟ್ಟು 6 ಕಕ್ಷಕ, ಒಂದೊಂದರಲ್ಲಿ −½ ಸ್ಪಿನ್ನಿನ ಒಂದೇ ಎಲೆಕ್ಟ್ರಾನ್, ಆದ್ದರಿಂದ 6. ಒಂದು ಅಡ್ಡದಾರಿ: ಎನ್ ಕೊಟ್ಟು ಎಂ ಒಂದನ್ನ ನಿಗದಿ ಮಾಡಿದರೆ ಸಿಗೋ ಕಕ್ಷಕಗಳು ಎನ್ − |ಎಂ|. ಇಲ್ಲಿ 4 − 1 = 3, ಎರಡು ಚಿಹ್ನೆಗೆ 6.

---

ಗಿರಿ ತಪ್ಪಲು, ಚಿಕ್ಕಮಗಳೂರು

ಮೂರನೇ ಪ್ರಶ್ನೆಗೆ ನಾನು ಬರ್ತೀನಿ, ನನ್ನ ಮಟ್ಟಿಗೆ ಅದೇ ನಿಜವಾದ ಪ್ರಶ್ನೆ.

ಎಲೆಕ್ಟ್ರಾನನ್ನ ಅಲೆಯಾಗಿ ನೋಡಿ. ವೀಣೆಯ ತಂತಿ ಮೀಟಿದಾಗ ಕೆಲವು ಜಾಗ ಅಲುಗದೆ ನಿಲ್ಲುತ್ತವಲ್ಲ, ಹಾಗೆ ಕಕ್ಷಕದಲ್ಲೂ ಅಲೆಯ ಬೆಲೆ ಸೊನ್ನೆ ಆಗೋ ಮೇಲ್ಮೈಗಳಿವೆ. ಅವೇ ನೋಡ್‌ಗಳು. ಎನ್ ಗೊತ್ತಾದರೆ ಒಟ್ಟು ನೋಡ್‌ಗಳ ಲೆಕ್ಕ ಮುಗೀತು: ಎನ್ − 1. ಅವು ಎರಡು ಬಗೆ. ಈರುಳ್ಳಿ ಪದರದ ಹಾಗೆ ನ್ಯೂಕ್ಲಿಯಸ್ ಸುತ್ತ ಗೋಳವಾಗಿರೋವು ಒಂದು, ನ್ಯೂಕ್ಲಿಯಸ್ ಮೂಲಕವೇ ಸೀಳಿಕೊಂಡು ಹೋಗೋ ಸಮತಲ ಅಥವಾ ಶಂಕು ಇನ್ನೊಂದು. ಸೀಳೋ ಬಗೆಯವುಗಳ ಸಂಖ್ಯೆಯೇ ಎಲ್. ಉಳಿದ ಗೋಳಾಕಾರದ್ದು ಎನ್ − ಎಲ್ − 1.

3ಎಸ್: ಸೀಳು 0, ಗೋಳ 2. 3ಪಿ: ಸೀಳು 1, ಗೋಳ 1. 3ಡಿ: ಸೀಳು 2, ಗೋಳ 0. ಮೂರರಲ್ಲೂ ಕೂಡಿದರೆ 2. ಈಗ 3ಎಫ್ ಕೇಳಿದರೆ? ಸೀಳು 3, ಗೋಳ −1. ಮೈನಸ್ ಒಂದು ಗೋಳ ಅಂದರೆ ಏನೂ ಅರ್ಥವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಾಸಿಗೆ ಎನ್ − 1, ಕಾಲು ಎಲ್. 1ಪಿ, 2ಡಿ, 3ಎಫ್ ಇಲ್ಲದಿರೋದು ಇದೇ ಕಾರಣಕ್ಕೆ. ಯಾರೋ ಕೂತು ಮಾಡಿದ ಕಾನೂನಲ್ಲ. ಶ್ರೋಡಿಂಗರ್ 1926ರಲ್ಲಿ ಬರೆದ ಸಮೀಕರಣ ಬಿಡಿಸಿದಾಗ ತಾನಾಗಿ ಉದುರುವ ಷರತ್ತು.

ಎಂನ ಮಿತಿಗೆ ಬೇರೆ ಕಾರಣ. ಕೋನೀಯ ಸಂವೇಗದ ಉದ್ದ √(ಎಲ್ × (ಎಲ್+1)), ಎಚ್-ಬಾರ್ (ಪ್ಲಾಂಕ್ ಸ್ಥಿರಾಂಕ ÷ 2π) ಮಾನದಲ್ಲಿ. ಒಂದು ಅಕ್ಷದ ಮೇಲೆ ಬೀಳೋ ಅದರ ನೆರಳು ಎಂ. ಎಲ್ = 2ಕ್ಕೆ ಉದ್ದ √6 = 2.449. ನೆರಳು ಕೋಲಿಗಿಂತ ಉದ್ದ ಇರೋಕಾಗಲ್ಲ, ಆದ್ದರಿಂದ ಎಂ = 3 ಹೋಯಿತು; 2.449ರ ಒಳಗಿನ ದೊಡ್ಡ ಪೂರ್ಣಾಂಕ 2. ಗಮನಿಸಿ, 2 ಕೂಡ 2.449ಕ್ಕಿಂತ ಕಮ್ಮಿ. ಅಂದರೆ ಕೋಲು ಅಕ್ಷದ ಮೇಲೆ ಪೂರ್ತಿ ನೆಟ್ಟಗೆ ಯಾವತ್ತೂ ನಿಲ್ಲಲ್ಲ, ಕನಿಷ್ಠ 35 ಡಿಗ್ರಿ ಓರೆ. ನೆಟ್ಟಗೆ ನಿಂತರೆ ಉಳಿದೆರಡು ದಿಕ್ಕಿನ ಬೆಲೆ ಖಚಿತವಾಗಿ ಸೊನ್ನೆ ಆಗಿಬಿಡುತ್ತೆ. ಅನಿಶ್ಚಿತತಾ ತತ್ವ ಅದಕ್ಕೆ ಬಿಡಲ್ಲ.

ಎಂ ಯಾಕೆ ಪೂರ್ಣಾಂಕ? ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆ ನೋಡಿ, ಆನೆಗಳ ಸಾಲು. ಒಂದು ದುಂಡು ಗುಡಿಯ ಸುತ್ತ ಅಂಥದೇ ಸಾಲನ್ನ ಒಂದೇ ಅಳತೆಯಲ್ಲಿ ಕೆತ್ತುತ್ತಾ ಬಂದಿದ್ದೀರಿ ಅಂದುಕೊಳ್ಳಿ. ಹೊರಟ ಜಾಗಕ್ಕೆ ವಾಪಸ್ ಬಂದಾಗ ಅರ್ಧ ಆನೆ ಉಳಿಯಬಾರದು. ಅಲೆಯೂ ಅಕ್ಷದ ಸುತ್ತ 360 ಡಿಗ್ರಿ ತಿರುಗಿ ತನ್ನ ಬಾಲವನ್ನ ತಾನೇ ಸರಿಯಾಗಿ ಹಿಡಿಯಬೇಕು. ಸುತ್ತಿಗೆ ಎಷ್ಟು ಆನೆ ಅನ್ನೋದು ಎಂನ ಪರಿಮಾಣ. ಆನೆಗಳು ಎಡಕ್ಕೆ ಮುಖ ಮಾಡಿವೆಯೋ ಬಲಕ್ಕೋ ಅನ್ನೋದು ಚಿಹ್ನೆ. ಎಂ = 0 ಅಂದರೆ ಬರೀ ನುಣುಪು ಕಲ್ಲು.

---

ಅರಸೀಕೆರೆ ಕೊಬ್ಬರಿ

ಆನೆ ಸಾಲು ಚೆನ್ನಾಗಿದೆ, ಆದರೆ ಸ್ಪಿನ್ನಿಗೆ ಅದನ್ನ ಹಚ್ಚಬೇಡಿ ಅಂತ ಒಂದು ಎಚ್ಚರಿಕೆ ಬೇಕಿತ್ತು. ಸ್ಪಿನ್ ½ ಇರೋದು 360 ಡಿಗ್ರಿ ತಿರುಗಿದರೆ ಚಿಹ್ನೆ ತಿರುವುಮುರುವಾಗಿ ಬರುತ್ತೆ. ಮೊದಲಿನಂತಾಗೋಕೆ 720 ಡಿಗ್ರಿ ಬೇಕು. ಅಂದರೆ ಅಲ್ಲಿ ಅರ್ಧ ಆನೆ ನಡೆಯುತ್ತೆ! ಅದಕ್ಕೇ ಸ್ಪಿನ್ನನ್ನ ಜಾಗದಲ್ಲಿ ಸುತ್ತೋ ಅಲೆ ಅಂತ ಬಿಡಿಸೋಕಾಗಲ್ಲ. ಪುಸ್ತಕಗಳಲ್ಲಿ ಎಲೆಕ್ಟ್ರಾನ್ ಬುಗುರಿಯಂತೆ ತಿರುಗ್ತಿರೋ ಚಿತ್ರ ಇರುತ್ತಲ್ಲ, ಅದನ್ನ ಬಾಣದ ಗುರುತು ಅಂತ ಮಾತ್ರ ತಿಳ್ಕೊಳ್ಳಿ.

ಹಾಗಾದರೆ ±½ ಎಲ್ಲಿಂದ ಬಂತು? ನಿಮ್ಮ ಪಟ್ಟಿಯ ಉ ಇದೆಯಲ್ಲ, (5, 0, 0, −½), ಅದರಿಂದಲೇ ಅಂತ ಹೇಳಬಹುದು. ಬೆಳ್ಳಿಯ ಹೊರಗಿನ ಎಲೆಕ್ಟ್ರಾನ್ 5ಎಸ್. 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿ ಪರಮಾಣುಗಳ ಕಿರಣವನ್ನ ಏರುಪೇರಿರೋ ಕಾಂತಕ್ಷೇತ್ರದ ಮೂಲಕ ಹಾಯಿಸಿದರು. ಎಲ್ = 0, ಹಾಗಾಗಿ ಎಂ = 0 ಒಂದೇ; ಕಿರಣ ಸೀಳಲೇಬಾರದಿತ್ತು. ಎರಡಾಗಿ ಸೀಳಿತು. ಸೀಳುಗಳ ಸಂಖ್ಯೆ 2 × ಸ್ಪಿನ್ + 1 ಆಗಬೇಕು. ಅದು 2 ಆಗಬೇಕಾದರೆ ಸ್ಪಿನ್ ½. ಸೀಳಿದ್ದಕ್ಕೆ ಇದು ಕಾರಣ ಅಂತ ಆಗ ಅವರಿಗೇ ಗೊತ್ತಿರಲಿಲ್ಲ, ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಸ್ಪಿನ್ ಕಲ್ಪನೆ ಮುಂದಿಟ್ಟಿದ್ದು 1925ರಲ್ಲಿ. ಒಂದು ಪರಮಾಣುವಿನ ಎರಡು ಎಲೆಕ್ಟ್ರಾನಿಗೆ ನಾಲ್ಕೂ ಸಂಖ್ಯೆ ಒಂದೇ ಇರಬಾರದು ಅನ್ನೋ ಪೌಲಿ ನಿಯಮವೂ ಅದೇ ವರ್ಷದ್ದು.

ಇನ್ನೊಂದು: ಸ್ಪಿನ್ ½ ಅನ್ನೋದು ಎಲೆಕ್ಟ್ರಾನಿನ ಹುಟ್ಟುಗುಣ, ಎಲ್ಲ ಎಲೆಕ್ಟ್ರಾನಿಗೂ ಒಂದೇ. ನಾಲ್ಕನೇ ಜಾಗದಲ್ಲಿ ನಾವು ಬರೆಯೋ +½, −½ ಅದರ ನೆರಳು. ಎಲ್‌ಗೆ ಎಂ ಹೇಗೋ ಹಾಗೆ. ಪ್ರಶ್ನೆಪತ್ರಿಕೆಯಲ್ಲಿ ಎರಡನ್ನೂ ಸ್ಪಿನ್ ಅಂತಲೇ ಕರೀತಾರೆ, ಗಲಿಬಿಲಿ ಬೇಡ.

(ವಿಷಯಾಂತರ: ರುಬಿಡಿಯಂ ಹೊರ ಎಲೆಕ್ಟ್ರಾನ್ ಕೂಡ 5ಎಸ್ಸೇ. ಹಾಸನದಲ್ಲಿರೋ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ಕಕ್ಷೆಗೆ ಏರಿಸಿದ, ದಾರಿ ತೋರಿಸೋ ನಾವಿಕ್ ಉಪಗ್ರಹಗಳ ಒಳಗೆ ಇರೋದು ರುಬಿಡಿಯಂ ಗಡಿಯಾರಗಳು. ಆ ಗಡಿಯಾರದ ಟಿಕ್‌ಟಿಕ್ ಬರೋದು ಈ ಎಲೆಕ್ಟ್ರಾನ್ ಸ್ಪಿನ್ನೂ ನ್ಯೂಕ್ಲಿಯಸ್ಸಿನ ಸ್ಪಿನ್ನೂ ಒಂದಕ್ಕೊಂದು ಹೇಗೆ ನಿಂತಿವೆ ಅನ್ನೋದು ಬದಲಾಗುವಾಗ, ಸುಮಾರು 6.8 ಗಿಗಾಹರ್ಟ್ಸ್. ನ್ಯೂಕ್ಲಿಯಸ್ಸನ್ನೂ ಲೆಕ್ಕಕ್ಕೆ ತಗೊಂಡರೆ ನಾಲ್ಕು ಸಂಖ್ಯೆ ಸಾಲಲ್ಲ ಅನ್ನೋದಕ್ಕೆ ಹೇಳಿದೆ. ಪರೀಕ್ಷೆಗೆ ಬರಲ್ಲ.)

---

ಪಿಯು ಹುಡುಗಿ, ಹಾಸನ

ತುಂಬಾ ಥ್ಯಾಂಕ್ಸ್. ನೋಡ್ ಲೆಕ್ಕ ಈಗ ಹೊಳೀತು, 2ಡಿ ಅಂದ ತಕ್ಷಣ ಗೋಳ −1 ಅಂತ ಕಾಣುತ್ತೆ.

ಇನ್ನೆರಡು ಸಂಶಯ. ಒಂದು, ಪಿಯ ಮೂರು ಕಕ್ಷಕಗಳಲ್ಲಿ ಪಿ-ಎಕ್ಸ್‌ಗೆ ಎಂ = +1, ಪಿ-ವೈಗೆ −1, ಪಿ-ಜೆಡ್‌ಗೆ 0 ಅಂತ ನೋಟ್ಸಲ್ಲಿದೆ, ಅದು ನಿಯಮವಾ? ಎರಡು, ಕಬ್ಬಿಣದಲ್ಲಿ (ಪರಮಾಣು ಸಂಖ್ಯೆ 26) ಎಂ = 0 ಇರೋ ಎಲೆಕ್ಟ್ರಾನ್ ಎಷ್ಟು ಅನ್ನೋದಕ್ಕೆ ಗೆಳತಿಗೆ 13, ನನಗೆ 14 ಬಂತು.

---

ಗಿರಿ ತಪ್ಪಲು, ಚಿಕ್ಕಮಗಳೂರು

ಪಿ-ಜೆಡ್ = 0 ಸರಿ. ಉಳಿದೆರಡು ತಪ್ಪು, ಆದರೆ ಎಷ್ಟೋ ನೋಟ್ಸಲ್ಲಿ ಹಾಗೇ ಇರುತ್ತೆ. ಎಂ = +1 ಅಂದರೆ ಬಲಕ್ಕೆ ಹೊರಟ ಆನೆ, −1 ಅಂದರೆ ಎಡಕ್ಕೆ ಹೊರಟದ್ದು. ಎರಡನ್ನೂ ಸಮಪಾಲು ಬೆರೆಸಿದರೆ ಚಲಿಸದೆ ನಿಂತ ಅಲೆ ಸಿಗುತ್ತೆ. ಒಂದು ರೀತಿ ಕೂಡಿದರೆ ಪಿ-ಎಕ್ಸ್, ಇನ್ನೊಂದು ರೀತಿ ಕೂಡಿದರೆ ಪಿ-ವೈ. ಅಂದರೆ ಪಿ-ಎಕ್ಸ್ ಒಳಗೆ +1, −1 ಎರಡೂ ಇವೆ. ಡಿಯಲ್ಲೂ ಹೀಗೇ: ಡಿ-ಜೆಡ್-ವರ್ಗಕ್ಕೆ ಮಾತ್ರ ಎಂ = 0 ಅಂತ ಖಚಿತವಾಗಿ ಹೇಳಬಹುದು. ಡಿ-ಎಕ್ಸ್‌ಜೆಡ್, ಡಿ-ವೈಜೆಡ್ ±1ರ ಮಿಶ್ರಣ, ಉಳಿದೆರಡು ±2ರದ್ದು. ಪ್ರಶ್ನೆಯಲ್ಲಿ "ಎಂ = 0 ಇರೋ ಪಿ ಕಕ್ಷಕ ಯಾವುದು" ಅಂತ ಬಂದರೆ ಪಿ-ಜೆಡ್ ಬರೆಯಿರಿ.

---

ಹೇಮಾವತಿ ದಂಡೆ

ಕಬ್ಬಿಣದ ಲೆಕ್ಕದಲ್ಲಿ ತಪ್ಪು ನಿಮ್ಮದೂ ಅಲ್ಲ, ಗೆಳತಿಯದೂ ಅಲ್ಲ. ಪ್ರಶ್ನೆಯೇ ಸೊಟ್ಟಗಿದೆ.

1ಎಸ್, 2ಎಸ್, 3ಎಸ್, 4ಎಸ್ ಪೂರ್ತಿ: 8. 2ಪಿ, 3ಪಿಯಲ್ಲಿ ಎಂ = 0 ಇರೋ ಒಂದೊಂದು ಕಕ್ಷಕ: 4. ಇಲ್ಲಿಗೆ 12. 3ಡಿಯಲ್ಲಿ 6 ಎಲೆಕ್ಟ್ರಾನ್, ಐದು ಕಕ್ಷಕ. ಹುಂಡ್ ನಿಯಮದಂತೆ ಐದಕ್ಕೂ ಒಂದೊಂದು ಹೋಗಿ ಆರನೆಯದು ಯಾವುದೋ ಒಂದರಲ್ಲಿ ಜೋಡಿಯಾಗುತ್ತೆ. ಆ ಯಾವುದೋ ಒಂದು ಎಂ = 0 ಆದರೆ 14, ಇಲ್ಲದಿದ್ದರೆ 13. ಒಂಟಿ ಪರಮಾಣುವಿನಲ್ಲಿ ಐದೂ ಒಂದೇ ಶಕ್ತಿ, ಹಾಗಾಗಿ "ಇಂಥದ್ದಕ್ಕೇ" ಅನ್ನೋ ನಿಯಮ ಇಲ್ಲ. ಉಪಕವಚಗಳು ಪೂರ್ತಿ ಅಥವಾ ಸರಿಯಾಗಿ ಅರ್ಧ ತುಂಬಿದ್ದಾಗ ಮಾತ್ರ ಈ ಎಣಿಕೆಗೆ ಒಂದೇ ಉತ್ತರ: ಆರ್ಗಾನ್‌ನಲ್ಲಿ 6 + 4 = 10, ಸತುವಿನಲ್ಲಿ 8 + 4 + 2 = 14. ಕ್ರೋಮಿಯಂನಲ್ಲೂ ಸಿಗುತ್ತೆ, ಅಲ್ಲಿ 3ಡಿ ಸರಿಯಾಗಿ ಅರ್ಧ ತುಂಬಿದೆ: 4ಎಸ್‌ನಲ್ಲಿ ಒಂದೇ ಇರೋದರಿಂದ 7 + 4 + 1 = 12.

ಕ್ರೋಮಿಯಂ ಬಂತು ಅಂದಮೇಲೆ, ಎಲ್ = 1 ಮತ್ತು ಎಲ್ = 2 ಎಷ್ಟೆಷ್ಟು ಅನ್ನೋ ಪ್ರಶ್ನೆ ಬಹಳ ಸಲ ಕಾಣುತ್ತೆ. 12 ಮತ್ತು 5. ಇದಕ್ಕೆ 12 ಮತ್ತು 4 ಅಂತ ಬರೆಯೋರು 3ಡಿ⁴ 4ಎಸ್² ಅಂತ ಹಾಕಿರ್ತಾರೆ. ನಿಜವಾದದ್ದು 3ಡಿ⁵ 4ಎಸ್¹. ತಾಮ್ರದಲ್ಲೂ ಹಾಗೇ, 3ಡಿ¹⁰ 4ಎಸ್¹.

"ಕೊನೆಯ ಎಲೆಕ್ಟ್ರಾನ್" ಅನ್ನೋ ಪದ ಕಂಡರೆ ನಿಂತು ಯೋಚಿಸಿ. ಸ್ಕ್ಯಾಂಡಿಯಂನಲ್ಲಿ (21) ಪಟ್ಟಿಯ ಕ್ರಮದಲ್ಲಿ ಕೊನೆಗೆ ಸೇರಿದ್ದು 3ಡಿ, ಅದಕ್ಕೆ ಎನ್ = 3, ಎಲ್ = 2. ಅತಿ ಹೊರಗಿನದು 4ಎಸ್, ಎನ್ = 4, ಎಲ್ = 0. ಅಯಾನು ಆಗುವಾಗ ಮೊದಲು ಕಳಚೋದೂ 4ಎಸ್. ಎರಡು ಧನ ಆವೇಶದ ಕಬ್ಬಿಣದ ಅಯಾನು 3ಡಿ⁶, 3ಡಿ⁴ 4ಎಸ್² ಅಲ್ಲ. ಎನ್ + ಎಲ್ ಮೊತ್ತ ಕಮ್ಮಿ ಇರೋದು ಮೊದಲು ಅನ್ನೋದು ತುಂಬೋ ಕ್ರಮ. ತೆಗೆಯೋಕೆ ಅದನ್ನೇ ಹಿಂದುಮುಂದಾಗಿ ಓದಿದರೆ ಇಲ್ಲಿ ಕೆಡುತ್ತೆ.

---

ಅರಸೀಕೆರೆ ಕೊಬ್ಬರಿ

ಇಲ್ಲಿ ಎರಡು ಬೇರೆ ಬೇರೆ ನಿಯಮಗಳು ಒಂದರೊಳಗೊಂದು ಕಲಸಿಹೋಗ್ತಿವೆ, ಬಿಡಿಸಿಡ್ತೀನಿ.

ಗುಂಪು ಸಾಧ್ಯವೋ ಇಲ್ಲವೋ ಅನ್ನೋದು ಒಂದು. ಗ್ರೌಂಡ್ ಸ್ಟೇಟ್‌ನಲ್ಲಿ ಎಲೆಕ್ಟ್ರಾನ್ ಅಲ್ಲಿ ಇರುತ್ತೋ ಇಲ್ಲವೋ ಅನ್ನೋದು ಇನ್ನೊಂದು. ಸೋಡಿಯಂನ 11ನೇ ಎಲೆಕ್ಟ್ರಾನಿಗೆ (3, 0, 0, +½) ಅಂತ ಬರೀತೀವಿ. (3, 1, 0, +½) ಅಂತ ಕೊಟ್ಟರೆ ಅದು ಅಸಾಧ್ಯ ಗುಂಪಲ್ಲ, ಉದ್ರಿಕ್ತ ಸ್ಥಿತಿ. ಒಲೆಯ ಉರಿಗೆ ಚಿಟಿಕೆ ಉಪ್ಪು ಬಿದ್ದಾಗ ಹಳದಿ ಚಿಮ್ಮೋದು 3ಪಿಯಿಂದ 3ಎಸ್‌ಗೆ ಇಳಿಯುವಾಗಲೇ. ಡಿಗ್ರಿ ಲ್ಯಾಬಿನಲ್ಲಿ ನ್ಯೂಟನ್ ಉಂಗುರಕ್ಕೆ ಇಡೋ ಸೋಡಿಯಂ ದೀಪದ್ದೂ ಅದೇ ಬೆಳಕು, 589.0 ಮತ್ತು 589.6 ನ್ಯಾನೋಮೀಟರ್, ಅಕ್ಕಪಕ್ಕ ಎರಡು ಗೆರೆ. ಎರಡಾಗಿರೋದಕ್ಕೂ ಸ್ಪಿನ್ನೇ ಕಾರಣ: 3ಪಿಯಲ್ಲಿ ಎಲ್ ಮತ್ತು ಸ್ಪಿನ್ ಎರಡು ರೀತಿ ಕೂಡಿಕೊಳ್ಳಬಹುದು, ಶಕ್ತಿ ಕೂದಲೆಳೆಯಷ್ಟು ಬೇರೆಯಾಗುತ್ತೆ.

ಇದರ ಜೊತೆಗೆ ಎಲ್ ಒಂದು ಮೆಟ್ಟಿಲು ಮಾತ್ರ ಬದಲಾಗಬೇಕು ಅನ್ನೋ ಮಾತೂ ಕೇಳಿರ್ತೀರಿ. ಅದು ಬೆಳಕು ಹೊರಬರುವ ಜಿಗಿತಕ್ಕೆ ಸಂಬಂಧಿಸಿದ್ದು, ಗುಂಪಿನ ಪರೀಕ್ಷೆಗೆ ಅದನ್ನ ತರಬೇಡಿ.

ಹತ್ತನೇ ತರಗತಿಯ 2, 8, 8 ಕೂಡ ಇಲ್ಲೇ ತೊಡಕು ಮಾಡುತ್ತೆ. ಮೂರನೇ ಕವಚಕ್ಕೆ 2 × 3² = 18 ಹಿಡಿಯೋ ಜಾಗ ಇದ್ದರೂ ಪೊಟ್ಯಾಸಿಯಂ 2, 8, 8, 1 ಯಾಕೆ? 4ಎಸ್‌ಗೆ ಎನ್ + ಎಲ್ = 4, 3ಡಿಗೆ 5. ಕಮ್ಮಿ ಇರೋದು ಮೊದಲು. ಮೊತ್ತ ಸಮ ಇದ್ದರೆ ಎನ್ ಚಿಕ್ಕದು ಮೊದಲು, ಹಾಗಾಗಿ 3ಡಿ, 4ಪಿ, 5ಎಸ್ ಅನ್ನೋ ಸಾಲು. ಮೂರಕ್ಕೂ ಮೊತ್ತ 5, ಒಟ್ಟು 9 ಕಕ್ಷಕ, 18 ಎಲೆಕ್ಟ್ರಾನ್. ಹೈಡ್ರೋಜನ್‌ಗೆ ಈ ಸೂತ್ರ ಹಾಕಬೇಡಿ. ಅಲ್ಲಿ ಶಕ್ತಿ −13.6 ÷ ಎನ್² ಎಲೆಕ್ಟ್ರಾನ್ ವೋಲ್ಟ್, ಎಲ್‌ನ ಸುದ್ದಿಯೇ ಇಲ್ಲ. 3ಎಸ್, 3ಪಿ, 3ಡಿ ಮೂರೂ −1.51. "ಹೈಡ್ರೋಜನ್" ಅನ್ನೋ ಒಂದು ಪದ ಓದದೆ ಅಂಕ ಕಳ್ಕೊಳ್ಳೋರು ಜಾಸ್ತಿ.

---

ಪಿಯು ಹುಡುಗಿ, ಹಾಸನ

ಸರಿ, ನಾನೇ ಒಂದು ಮಾಡ್ತೀನಿ, ನೋಡಿ. ಪೊಟ್ಯಾಸಿಯಂನ 19ನೇ ಎಲೆಕ್ಟ್ರಾನಿಗೆ ನಾಲ್ಕು ಆಯ್ಕೆ: (3, 2, 0, +½), (4, 0, 0, −½), (4, 0, 1, +½), (4, 4, 0, +½). ಮೂರನೇದರಲ್ಲಿ ಎಂ ದೊಡ್ಡದಾಯ್ತು. ನಾಲ್ಕನೇದರಲ್ಲಿ ಗೋಳ −1. ಮೊದಲನೇದು ಸಾಧ್ಯ, ಆದರೆ ಗ್ರೌಂಡ್ ಸ್ಟೇಟ್ ಅಲ್ಲ. ಉಳಿದಿದ್ದು ಎರಡನೇದು. ಆದರೆ ಸ್ಪಿನ್ −½ ಇದೆಯಲ್ಲ, ಮೊದಲು +½ ಹಾಕಬೇಕಲ್ವಾ?

---

ಹೇಮಾವತಿ ದಂಡೆ

ಎರಡನೇದೇ ಉತ್ತರ. ಒಂಟಿ ಎಲೆಕ್ಟ್ರಾನಿಗೆ +½ ಮೊದಲು ಬರೆಯೋದು ಬರೀ ರೂಢಿ, ಎರಡಕ್ಕೂ ಶಕ್ತಿ ಒಂದೇ. ಆಯ್ಕೆಗಳಲ್ಲಿ +½ ಇರೋ 4ಎಸ್ ಕೂಡ ಇದ್ದಿದ್ದರೆ ರೂಢಿಯಂತೆ ಅದನ್ನ ಗುರುತು ಹಾಕಿ ಅಂತಿದ್ದೆ. ಇಲ್ಲಿ ಇಲ್ಲ, ಹಾಗಾಗಿ ಯೋಚನೆ ಬೇಡ. ಒಂದು ಉಪಕವಚಕ್ಕೆ ಎರಡು ಮೂರು ಎಲೆಕ್ಟ್ರಾನ್ ಬಂದಾಗ ಮಾತ್ರ ಹುಷಾರು: ಸಾರಜನಕದ 2ಪಿಯ ಮೂರಕ್ಕೂ ಸ್ಪಿನ್ ಚಿಹ್ನೆ ಒಂದೇ ಇರಬೇಕು, ಅದು ಮೂರೂ + ಆಗಲಿ, ಮೂರೂ − ಆಗಲಿ.